ಕಾರವಾರಕ್ಕೆ ಹೋದರೆ ಬೈತಖೋಲದ ಕಡೆಗೂ ಹೋಗಿ

ಗೋವಾ, ಗೋಕರ್ಣ ಅಂತ ಓಡಾಡುವವರಿಗೆ ಕಾರವಾರ ಅಂದ್ರೆ ದಾರಿ ಮಧ್ಯದ ಅರ್ಧ ಗಂಟೆ. ಹೆದ್ದಾರಿ ಪಕ್ಕದಲ್ಲೇ ಟ್ಯಾಗೋರ್ ಕಡಲತೀರ ಸಿಗುತ್ತದೆ. ಇಳಿದು ಫೋಟೊ ತೆಗೆದು ಹೊರಡುತ್ತಾರೆ. ಈ ಸಲ ನಾವು ಊರಲ್ಲೇ ಉಳಿದೆವು. ಮೊದಲು ಹತ್ತಿದ್ದು ಕಾಳಿ ನದಿಯ ಆಚೆ ದಡದ ಸದಾಶಿವಗಡದ ಗುಡ್ಡ.

ಅಲ್ಲಿಂದ ನೋಡಿದರೆ ಈ ಊರಿಗೆ ಯಾಕೆ ಅಷ್ಟು ಜನ ಆಸೆಪಟ್ಟರು ಅನ್ನೋದು ಕಣ್ಣಿಗೇ ಕಾಣುತ್ತದೆ. ಕೆಳಗೆ ಕಾಳಿ ಸಮುದ್ರ ಸೇರುತ್ತಾಳೆ. ಎದುರಿಗೆ ಕೂರ್ಮಗಡ, ಅದರಾಚೆ ದೀಪಸ್ತಂಭ ಇರುವ ದೇವಗಡ. ದಕ್ಷಿಣಕ್ಕೆ ಮೀನುಗಾರರ ಬಂದರು ಇರುವ ಬೈತಖೋಲದ ಗುಡ್ಡ. ದ್ವೀಪಗಳೂ ಗುಡ್ಡಗಳೂ ಸೇರಿ ಅಲೆಯ ಹೊಡೆತ ತಡೆಯುತ್ತವೆ, ಹಡಗುಗಳಿಗೆ ಆಸರೆ ಸಿಗುತ್ತದೆ. ಸದಾಶಿವಗಡದ ಈ ಕೋಟೆ ಕಟ್ಟಿಸಿದವರು ಸೋದೆಯ ಅರಸರು. 1752ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು. ಈಗ ಉಳಿದಿರೋದು ಬಹಳ ಕಡಿಮೆ. ಹೆದ್ದಾರಿಗೆಂದು ಗುಡ್ಡವನ್ನೇ ಸೀಳಿದ್ದು ನನಗೆ ಇಂದಿಗೂ ಬೇಸರದ ವಿಷಯ.

ಇಂಗ್ಲಿಷರು ಇಲ್ಲಿಗೆ ಬಂದದ್ದು 1638ರಲ್ಲಿ, ಕಾಳುಮೆಣಸಿಗಾಗಿ. ನದಿಯಲ್ಲಿ ಸ್ವಲ್ಪ ಒಳಗೆ, ಕಡವಾಡದಲ್ಲಿ ಕೋಠಿ, ಅಂದ್ರೆ ವ್ಯಾಪಾರದ ಮಳಿಗೆ, ಹಾಕಿದರು. ಆದರೆ ನಾವು ಇವತ್ತು ನೋಡುವ ಪಟ್ಟಣ ಬೆಳೆದದ್ದು ಹತ್ತಿಯ ಆಸೆಯಿಂದ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಹೊನ್ನಾವರದಲ್ಲಿದ್ದ ಜಿಲ್ಲಾ ಕೇಂದ್ರ ಕಾರವಾರಕ್ಕೆ ಬಂತು. ಆಗ ಅಮೆರಿಕದಲ್ಲಿ ಅಂತರ್ಯುದ್ಧ. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗುತ್ತಿರಲಿಲ್ಲ. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಇಲ್ಲಿಂದ ಹಡಗಿಗೆ ತುಂಬೋಣ ಅಂತ ಲೆಕ್ಕ ಹಾಕಿದರು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರುತ್ತದೆ ಅಂತ ವ್ಯಾಪಾರಿಗಳು ಕಾದರು. ರೈಲು ಹೋಗಿದ್ದು ಗೋವಾದ ಮುರ್ಮಗೋವಾ ಬಂದರಿಗೆ, 1880ರ ದಶಕದಲ್ಲಿ. ಸರಕೂ ಅದರ ಹಿಂದೆಯೇ ಹೋಯಿತು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಇನ್ನೂ ಮಾತಾಗಿಯೇ ಉಳಿದಿದೆ, ಅಲ್ವಾ? ಕಾರವಾರ ಯಾಕೆ ಇನ್ನೊಂದು ಮಂಗಳೂರು ಆಗಲಿಲ್ಲ ಅಂತ ಕೇಳಿದರೆ, ಘಟ್ಟ ಇಳಿಯದ ಆ ರೈಲನ್ನೇ ನಾನು ತೋರಿಸುತ್ತೇನೆ.

ಕಡಲತೀರಕ್ಕೆ ಟ್ಯಾಗೋರರ ಹೆಸರು ಸುಮ್ನೆ ಬಂದದ್ದಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಹರೆಯದ ಕವಿ ಅವರ ಮನೆಯಲ್ಲಿ ಉಳಿದು ಒಂದು ನಾಟಕವನ್ನೂ ಬರೆದರು. ತೀರದಲ್ಲಿ ಈಗ ಐಎನ್‌ಎಸ್ ಚಪಲ್ ನಿಂತಿದೆ. 1976ರಲ್ಲಿ ಸೋವಿಯತ್ ಒಕ್ಕೂಟದಿಂದ ನೌಕಾಪಡೆಗೆ ಬಂದ ಕ್ಷಿಪಣಿ ದೋಣಿ. ಇಕ್ಕಟ್ಟಾದ ಏಣಿ ಇಳಿದು ಒಳಗೆ ಹೋಗಬಹುದು. ಮಕ್ಕಳಿದ್ದರೆ ಬಿಡಲೇಬೇಡಿ.

ನನ್ನ ಮನಸ್ಸು ನಿಂತದ್ದು ಮಾತ್ರ ಬೈತಖೋಲದಲ್ಲಿ. ಬೆಳಿಗ್ಗೆ ದೋಣಿಗಳು ಬರುವ ಹೊತ್ತಿಗೆ ಅಲ್ಲಿರಬೇಕು. ಬಂಗಡೆ, ತಾರ್ಲೆ ಬುಟ್ಟಿ ಬುಟ್ಟಿಯಾಗಿ ಇಳಿಯುತ್ತವೆ. ಸುತ್ತ ಎಲ್ಲ ಕೊಂಕಣಿ. ಹೆಂಗಸರು ಚೌಕಾಸಿ ಮಾಡುವ ವೇಗಕ್ಕೆ ನಮ್ಮ ಕಿವಿ ಸಾಲದು. ಬಲೆ ಸರಿಮಾಡುತ್ತಿದ್ದ ಒಬ್ಬರನ್ನು, "ಅಣ್ಣಾ, ಬಂದರು ದೊಡ್ಡದಾದರೆ ನಿಮಗೆ ಒಳ್ಳೇದಲ್ವಾ?" ಅಂತ ಕೇಳಿದೆ. "ಅರ್ಗಾ ಕಡೆ ನೇವಿಗೆ ಹೋಯ್ತು. ಇದೂ ಹೋದ್ರೆ ದೋಣಿ ಎಲ್ಲಿ ಎಳೀಬೇಕು?" ಅಂದರು.

ಆ ಮಾತಿನ ಹಿಂದೆ ದೊಡ್ಡ ಕಥೆ ಇದೆ. ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲಾ ತಾಲೂಕುಗಳ ಊರುಗಳು ಜಾಗ ಬಿಟ್ಟುಕೊಟ್ಟವು. 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ಶುರುವಾಯಿತು. 1498ರಲ್ಲಿ ವಾಸ್ಕೋ ಡ ಗಾಮ ತಂಗಿದ್ದ ಅಂಜದೀವ್ ದ್ವೀಪವೂ ಈಗ ನೌಕಾಪಡೆಯದು, ನಮಗೆ ಪ್ರವೇಶವಿಲ್ಲ. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆ ಟ್ಯಾಗೋರ್ ತೀರದ ಕಡೆ ಬಂದಾಗ ಮೀನುಗಾರರು ಬೀದಿಗಿಳಿದರು. ಹೈಕೋರ್ಟ್ ಕೆಲಸಕ್ಕೆ ತಡೆ ಕೊಟ್ಟಿತು. ನಾವು ಫೋಟೊ ತೆಗೆಯುವ ಮರಳು ಅವರ ಪಾಲಿಗೆ ದೋಣಿ ಎಳೆಯುವ ಜಾಗ. ನನಗೆ ಅವರ ಮಾತೇ ಸರಿ ಅನಿಸುತ್ತದೆ.

ಹೋಗುವುದಾದರೆ ಜೂನ್, ಜುಲೈ ಬೇಡ. ಆಗ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮಳೆಯೂ ಜಾಸ್ತಿ. ಜನವರಿ ಹೊತ್ತಿಗೆ, ಕೂರ್ಮಗಡದ ನರಸಿಂಹ ಜಾತ್ರೆ ನೋಡಿಕೊಂಡು ಹೋಗಿ. ಅವತ್ತು ಮೀನುಗಾರರೇ ತಮ್ಮ ದೋಣಿಗಳಲ್ಲಿ ಜನರನ್ನು ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರೆ.