ನಾನೇನೂ ಮುಟ್ಟಿಲ್ಲ ಕಣೋ

ಬುಧವಾರ ರಾತ್ರಿ ಎಂಟೂವರೆಗೆ ಅಪ್ಪನ ಫೋನ್ ಬಂತು. ಊಟ ಆಯ್ತಾ ಅಂತಲೂ ಕೇಳಲಿಲ್ಲ. "ನಾನೇನೂ ಮುಟ್ಟಿಲ್ಲ ಕಣೋ" ಅಂದರು. ಅದೇ ಮೊದಲ ಮಾತು. ಏನಾಗಿದೆ ಅಂತ ಹೇಳಿದ್ದು ಆಮೇಲೆ.

ವಾರವೆಲ್ಲ ಆ ಮಾತು ಕಿವಿಯಲ್ಲೇ ಕೂತಿದೆ. ಅಪ್ಪ 34 ವರ್ಷ ಮೇಷ್ಟ್ರಾಗಿದ್ದವರು, ಹೆಡ್‌ಮಾಸ್ಟರಾಗಿ ರಿಟೈರ್ ಆದವರು. ಶಾಲೆಯ ಹೆಂಚು ಒಡೆದ ಹುಡುಗರು ಅವರ ಮುಂದೆ ನಿಂತು ಹೇಳುತ್ತಿದ್ದ ಮಾತು ಅದು. ಈಗ 71ನೇ ವಯಸ್ಸಿನಲ್ಲಿ ಅದನ್ನು ಅವರು ನನಗೆ ಹೇಳುತ್ತಿದ್ದಾರೆ.

ಅವರ ಡೆಸ್ಕ್‌ಟಾಪಿಗೆ ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಟ್ಟಿದ್ದು ನಾನೇ, ಮೂರು ವರ್ಷದ ಹಿಂದೆ. ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಕೂಡ ನನ್ನ ಹಳೇ ಮೆಷಿನ್‌ನಿಂದ ಬಿಚ್ಚಿ ಹಾಕಿದ್ದು. ಬೆಳಿಗ್ಗೆ ಪೇಪರ್ ಓದಿ, ಹತ್ತು ಗಂಟೆಗೆ ಕೂತರೆ ಒಂದು ಗಂಟೆಯವರೆಗೆ ಏಳುವುದಿಲ್ಲ. ನಮ್ಮಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಅಪ್ಪ ನಾಲ್ಕು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದನ್ನೇ ಈಗ ಟೈಪ್ ಮಾಡುತ್ತಿದ್ದಾರೆ. ಕೆ.ಪಿ. ರಾವ್ ಅವರು ರೂಪಿಸಿದ ಕಗಪ ಕೀಲಿಮಣೆ ವಿನ್ಯಾಸವನ್ನು ಎರಡೇ ವಾರದಲ್ಲಿ ಕಲಿತುಬಿಟ್ಟರು. ಒತ್ತಕ್ಷರಕ್ಕೆ ಯಾವ ಕೀ ಅಂತ ಈಗ ನನಗಿಂತ ಬೇಗ ಹೇಳುತ್ತಾರೆ.

ಒಂದೇ ತೊಂದರೆ ಇತ್ತು. ನಡುವೆ ಎದ್ದು ಹೋದರೆ ಕಂಪ್ಯೂಟರ್ ನಿದ್ದೆಗೆ ಹೋಗುತ್ತದಲ್ಲ, ಮತ್ತೆ ಎಬ್ಬಿಸಿದಾಗ ಪರದೆ ತುಂಬಾ ಬಣ್ಣದ ಚೂರುಗಳು. ರಂಗೋಲಿ ಪುಡಿಯ ಡಬ್ಬ ಬಿದ್ದ ಹಾಗೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಿತ್ತು. ಆದರೆ ಉಳಿಸದೇ ಇದ್ದ ಪದ ಹೋಗುತ್ತಿತ್ತು. ಲಿನಕ್ಸ್ ಜೊತೆಗೇ ಬರುವ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬದಲು ಕಾರ್ಡ್ ಕಂಪನಿಯದೇ ಡ್ರೈವರ್ ಹಾಕಿ ನೋಡೋಣ ಅಂದುಕೊಂಡೆ. ಮಂಗಳವಾರ ರಾತ್ರಿ, ಅಪ್ಪ ಮಲಗಿದ ಮೇಲೆ, ಬೆಂಗಳೂರಿನಿಂದಲೇ ಅವರ ಕಂಪ್ಯೂಟರಿಗೆ ಲಾಗಿನ್ ಆಗಿ ಹಾಕಿದೆ. ನಡುವೆ ಅದು ಒಂದು ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಆಫ್ ಮಾಡಿ ಮಲಗಿದೆ. ಅಪ್ಪನಿಗೆ ಒಂದು ಮಾತು ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಅವರು ಆನ್ ಮಾಡಿದಾಗ ಎಲ್ಲಾ ಕೆಟ್ಟಿತ್ತು. ನನ್ನ ಆಫೀಸ್ ಮುಗಿಯಲಿ ಅಂತ ರಾತ್ರಿಯವರೆಗೆ ಕಾದಿದ್ದಾರೆ. ವಿಡಿಯೋ ಕಾಲ್ ಮಾಡಿ ಪರದೆ ತೋರಿಸಿದರು. 1920 ಅಡ್ಡ, 1080 ಉದ್ದ ಚುಕ್ಕಿಗಳ ಮಾನಿಟರ್ ಅದು. ಅದರ ಮೇಲೆ 1024 ಅಡ್ಡ, 768 ಉದ್ದದ ಚಿತ್ರವನ್ನು ಎಳೆದು ಹಾಸಿದ ಹಾಗಿತ್ತು. ಇಂಗ್ಲಿಷ್ ಅಕ್ಷರ ಹೇಗೋ ಓದಬಹುದು. ಕನ್ನಡದ್ದು ಕಷ್ಟ. ಒತ್ತಕ್ಷರಗಳೆಲ್ಲ ಸಾಲಿನ ಕೆಳಗೆ ಮಸಿ ಚೆಲ್ಲಿದಂತೆ ಕಲಸಿಹೋಗಿದ್ದವು. 'ಅಕ್ಕ'ನಿಗೂ 'ಅತ್ತ'ಗೂ ವ್ಯತ್ಯಾಸ ಹುಡುಕಬೇಕು. ಮೌಸ್ ಎಳೆದರೆ ಬಾಣದ ಗುರುತು ಒಂದು ಕ್ಷಣ ತಡವಾಗಿ ಹಿಂದೆ ಬರುತ್ತಿತ್ತು. ಕಾರ್ಡಿಗೆ ಡ್ರೈವರ್ ಸಿಗದೇ ಹೋದರೆ ಪರದೆಯ ಚಿತ್ರವನ್ನೆಲ್ಲ ಪ್ರೊಸೆಸರೇ ಕೂತು ಬಿಡಿಸಬೇಕು. ಅದರ ಕೆಲಸ ಅದಲ್ಲ. ಹಾಗಾಗಿ ಏದುಸಿರು ಬಿಡುತ್ತದೆ.

ಲಾಗಿನ್ ಆಗಿ ನೋಡಿದೆ. ಡ್ರೈವರ್ ಇದೆ, ಆದರೆ ಲಿನಕ್ಸಿನ ತಿರುಳಾದ ಕರ್ನೆಲ್ ಅದನ್ನು ಒಳಗೆ ಬಿಟ್ಟಿಲ್ಲ. ಅದರ ಸಹಿಯ ಕೀ ಒಪ್ಪಲಿಲ್ಲ ಅಂತ ಒಂದು ಸಾಲು. ಹಳೇ ಡ್ರೈವರ್ ಬರಬಹುದಿತ್ತು, ಆದರೆ ಹೊಸದನ್ನು ಹಾಕುವಾಗಲೇ ಅದನ್ನು ತಡೆಪಟ್ಟಿಗೆ ಸೇರಿಸಿರುತ್ತಾರೆ. ಅದೂ ಇಲ್ಲ, ಇದೂ ಇಲ್ಲ. ನನಗೆ ತಕ್ಷಣ ಹೊಳೆಯಿತು.

"ಬೆಳಿಗ್ಗೆ ಆನ್ ಮಾಡಿದಾಗ ನೀಲಿ ಪರದೆ ಏನಾದ್ರೂ ಬಂದಿತ್ತಾ ಅಪ್ಪ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಂತು. ಇಂಗ್ಲಿಷಲ್ಲಿ ಏನೋ ಇತ್ತು. ಕೆಳಗೆ ನಂಬರ್ ಎಣಿಸ್ತಾ ಇತ್ತು. ಒಂಬತ್ತು, ಎಂಟು, ಏಳು..."

"ಆಮೇಲೆ?"

"ಗೊತ್ತಿಲ್ಲದ್ದು ಬಂದ್ರೆ ಕೈ ಹಾಕಬೇಡಿ ಅಂತ ನೀನೇ ಹೇಳಿದ್ದೆಯಲ್ಲ. ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೊಂಡೆ. ತಾನೇ ಹೋಯ್ತು."

ಆ ನೀಲಿ ಪರದೆ ಯಾಕೆ ಬರುತ್ತದೆ ಅಂತ ಸ್ವಲ್ಪ ಹೇಳಬೇಕು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಹೊಸ ಕಂಪ್ಯೂಟರುಗಳಲ್ಲಿ ಸೆಕ್ಯೂರ್ ಬೂಟ್ ಅನ್ನುವುದು ಸಾಮಾನ್ಯವಾಯಿತು. ಸರಿಯಾದ ಡಿಜಿಟಲ್ ಸಹಿ ಇಲ್ಲದ ಯಾವ ತಂತ್ರಾಂಶವೂ ಶುರುವಿನಲ್ಲೇ ಒಳಗೆ ಬರಬಾರದು ಅನ್ನುವುದು ಅದರ ಲೆಕ್ಕ. ಲಿನಕ್ಸಿನ ಬಹುಪಾಲು ಡ್ರೈವರುಗಳು ಕರ್ನೆಲ್ ಜೊತೆಗೇ ಸಹಿ ಹಾಕಿಸಿಕೊಂಡು ಬರುತ್ತವೆ. ನಾನು ಹಾಕಿದ್ದು ಹೊರಗಿನದು. ಅದನ್ನು ಅಪ್ಪನ ಕಂಪ್ಯೂಟರಿನಲ್ಲೇ, ಅಲ್ಲಿರುವ ಕರ್ನೆಲ್‌ಗೆ ಹೊಂದುವಂತೆ ಕಟ್ಟಬೇಕು. ಕರ್ನೆಲ್ ಬದಲಾದಾಗಲೆಲ್ಲ ಮತ್ತೆ ಕಟ್ಟಬೇಕು. ಆ ಕೆಲಸ ಡಿಕೆಎಂಎಸ್ ಅನ್ನುವ ವ್ಯವಸ್ಥೆ ತಾನಾಗಿ ಮಾಡುತ್ತದೆ. ಕಟ್ಟಿದ ಮೇಲೆ ಅಲ್ಲೇ ತಯಾರಾದ ಒಂದು ಕೀಯಿಂದ ಸಹಿಯೂ ಹಾಕುತ್ತದೆ. ಆದರೆ ಆ ಕೀ ನಂಬಿಕಸ್ತ ಅಂತ ಯಾರಾದರೂ ಹೇಳಬೇಕಲ್ಲ? ಅದಕ್ಕೇ ಆ ನೀಲಿ ಪರದೆ. ಮುಂದಿನ ಸಲ ಆನ್ ಮಾಡಿದಾಗ ಹತ್ತು ಸೆಕೆಂಡು ಕಾಯುತ್ತದೆ. ಕೀಲಿಮಣೆಯ ಯಾವುದಾದರೂ ಕೀ ಒತ್ತಿ, ಹೌದು ಅಂದು, ಮಂಗಳವಾರ ನಾನು ಕೊಟ್ಟಿದ್ದ ಪಾಸ್‌ವರ್ಡನ್ನೇ ಕೊಡಬೇಕು. ದೂರದಿಂದ ಲಾಗಿನ್ ಆದವರು ಅದನ್ನು ಒತ್ತಲು ಆಗುವುದಿಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ, ಮಾಡಿದ್ದು ಸರಿಯೇ. ಕಳ್ಳ ಎಲ್ಲೋ ಕೂತು ತನ್ನ ಕೀ ಸೇರಿಸಬಾರದು. ಕಂಪ್ಯೂಟರ್ ಮುಂದೆ ನಿಜವಾದ ಮನುಷ್ಯ ಇದ್ದಾನಾ ಅಂತ ಕೇಳುವ ಪರದೆ ಅದು.

ಮನುಷ್ಯ ಇದ್ದರು. ಕೈ ಕಟ್ಟಿಕೊಂಡು ನಿಂತಿದ್ದರು.

ಆ ಚಿತ್ರ ನನ್ನ ಕಣ್ಣಿಂದ ಹೋಗುತ್ತಿಲ್ಲ. ಪ್ರಾರ್ಥನೆಗೆ ನಿಂತ ಹಾಗೆ, ಬನಿಯನ್ ಪಂಚೆಯಲ್ಲಿ, ಕೈ ಹಿಂದೆ ಕಟ್ಟಿ, ಒಂಬತ್ತು ಎಂಟು ಏಳು ಇಳಿಯುವುದನ್ನು ನೋಡುತ್ತಿರುವ ಅಪ್ಪ.

ಪಾಸ್‌ವರ್ಡ್ ಮತ್ತೆ ಹಾಕುತ್ತೇನೆ, ನಾಳೆ ಫೋನಿನಲ್ಲೇ ಹೇಳುತ್ತಾ ಹೋಗುತ್ತೇನೆ, ನೀವು ಒತ್ತಿದರೆ ಸಾಕು ಅಂದೆ. "ಬೇಡಪ್ಪ, ನೀನು ಬಂದಾಗ ಮಾಡು. ನಾನು ಮುಟ್ಟಲ್ಲ" ಅಂದರು. ನನ್ನ ತಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ: "ಮೊದಲೇ ವಿಂಡೋಸ್ ಹಾಕಿಕೊಡು ಅಂದೆ, ಕೇಳಲಿಲ್ಲ." ಅವನು ಮೂರು ವರ್ಷದಲ್ಲಿ ಒಂದು ಸಲವೂ ಆ ಕುರ್ಚಿಯಲ್ಲಿ ಕೂತು ಅಪ್ಪನಿಗೆ ಏನನ್ನೂ ತೋರಿಸಿದವನಲ್ಲ. ಗುರುವಾರ ಅಮ್ಮ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿ ಹುಡುಗನನ್ನು ಕರೆಸಿದ್ದರು. ಅವನು ಪರದೆ ನೋಡಿದ ಕೂಡಲೇ "ಕಾರ್ಡ್ ಹೋಗಿದೆ, 6500 ಆಗತ್ತೆ" ಅಂದನಂತೆ. ಕ್ಯಾಬಿನೆಟ್ ಕೂಡ ಬಿಚ್ಚಿರಲಿಲ್ಲ. ಅಮ್ಮ ದುಡ್ಡು ತರಲು ಎದ್ದಿದ್ದರು. ಅಪ್ಪ ತಡೆದರಂತೆ. ಅದೊಂದು ಕೇಳಿ ಸಮಾಧಾನ ಆಯಿತು.

ಶನಿವಾರ ಬೆಳಗಿನ ರೈಲು ಹತ್ತಿದೆ. ತಿಪಟೂರು ದಾಟುವವರೆಗೆ ಒಂದೇ ಯೋಚನೆ. ಮೂರು ವರ್ಷದಲ್ಲಿ ನಾನು ಅಪ್ಪನಿಗೆ ಕಲಿಸಿದ್ದೇನು? ಅಪ್ಡೇಟ್ ಕೇಳಿದರೆ ಒತ್ತಬೇಡಿ. ಏನೋ ಬಂದರೆ ಮುಚ್ಚಿಬಿಡಿ. ನನಗೆ ಫೋನ್ ಮಾಡಿ. ಎಲ್ಲಾ ಬೇಡ, ಬೇಡ, ಬೇಡ. ಮೋಸದ ಲಿಂಕುಗಳ ಭಯಕ್ಕೆ ಹೇಳಿದ್ದು ಅದು, ನಿಜ. ಆದರೆ ಅರ್ಧ ನನ್ನ ಅನುಕೂಲಕ್ಕೆ ಹೇಳಿದ್ದು. ಅವರು ಏನನ್ನೂ ಮುಟ್ಟದಿದ್ದರೆ ನನಗೆ ಕೆಲಸ ಕಡಿಮೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತಿದೆ. ಬ್ಯಾಂಕಿನ ಆ್ಯಪ್ ಇರಲಿ, ಟಿವಿ ರಿಮೋಟ್ ಇರಲಿ, "ಅದನ್ನ ಮುಟ್ಬೇಡಿ, ನಾನು ಬಂದು ನೋಡ್ತೀನಿ." ನಾವು ಬರುವುದು ತಿಂಗಳಿಗೊಮ್ಮೆ. ನಮಗೆ ಅಕ್ಷರ ಕಲಿಸಿದವರು, ಸ್ಲೇಟಿನ ಮೇಲೆ ನಮ್ಮ ಕೈ ಹಿಡಿದು ತಿದ್ದಿಸಿದವರು ಅವರು. ತಪ್ಪು ಬರೆದರೆ ಒರೆಸಿ ಮತ್ತೆ ಬರೆಯಲು ಬಿಟ್ಟವರು.

ಇನ್ನೊಂದು ಮಾತು. ಅಪ್ಪನ ಪರದೆಯ ಮೆನುಗಳೆಲ್ಲ ಕನ್ನಡದಲ್ಲಿವೆ. ಕಡತ, ಉಳಿಸು, ಮುದ್ರಿಸು. ಸ್ವಯಂಸೇವಕರು ವರ್ಷಗಟ್ಟಲೆ ಕೂತು ಮಾಡಿದ ಅನುವಾದ ಅದು, ಅವರಿಗೆ ಕೈ ಮುಗಿಯಬೇಕು. ಆದರೆ ಆ ನೀಲಿ ಪರದೆಯವರೆಗೆ ಕನ್ನಡ ಇಳಿದಿಲ್ಲ. ತುಂಬಾ ಮುಖ್ಯವಾದ ಪ್ರಶ್ನೆಯನ್ನು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ಅದಕ್ಕೆ ಕೊಡುವುದು ಹತ್ತೇ ಸೆಕೆಂಡು.

ಮನೆಗೆ ಹೋಗಿ ಕಾಫಿ ಕುಡಿದು ಪಾಸ್‌ವರ್ಡ್ ಹಾಕಿದೆ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿದ್ದರೆ ಎರಡು ನಿಮಿಷದ ಕೆಲಸ. ಬೇಡ ಅನಿಸಿತು. ಕುರ್ಚಿಯಲ್ಲಿ ಅಪ್ಪನನ್ನೇ ಕೂರಿಸಿದೆ. ನೀಲಿ ಪರದೆ ಬಂತು. ಒಂಬತ್ತು, ಎಂಟು. ನನ್ನ ಮುಖ ನೋಡಿದರು.

"ಒತ್ತಿ ಅಪ್ಪ. ಯಾವುದಾದ್ರೂ."

ಏಳಕ್ಕೆ ಸ್ಪೇಸ್ ಒತ್ತಿದರು. ಎಣಿಕೆ ನಿಂತಿತು. ಮೆನು ಬಂತು. ಒಂದೊಂದೇ ಸಾಲು ಜೋರಾಗಿ ಓದಿದರು. "ಎನ್‌ರೋಲ್ ಮೋಕ್. ಎನ್‌ರೋಲ್ ಗೊತ್ತು, ಶಾಲೆಗೆ ಸೇರಿಸ್ಕೊಳ್ಳೋದು. ಮೋಕ್ ಅಂದ್ರೇನು?"

"ಮೆಷಿನ್ ಓನರ್ ಕೀ."

"ಓನರ್ ಯಾರು?"

"ನೀವೇ."

ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಇನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು ಕೇಳಲಿಲ್ಲ. ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ಪಾಸ್‌ವರ್ಡ್ ಒತ್ತುವಾಗ ಪರದೆ ಮೇಲೆ ಏನೂ ಕಾಣಿಸದೇ ಇದ್ದಾಗ ಒಮ್ಮೆ ಕೈ ತಡೆಯಿತು. ಕಾಣಿಸದಿದ್ರೂ ಒತ್ತುತ್ತಾ ಹೋಗಿ ಅಂದೆ.

ಪರದೆ ತೊಳೆದ ಹಾಗೆ ಬಂತು. ಅಕ್ಷರದ ಅಂಚುಗಳೆಲ್ಲ ಸ್ಪಷ್ಟ. ನಿದ್ದೆಗೆ ಕಳಿಸಿ ಎಬ್ಬಿಸಿ ನೋಡಿದೆವು, ಮೂರು ಸಲ. ಬಣ್ಣದ ಚೂರು ಬರಲಿಲ್ಲ.

ಅಪ್ಪ ಪದಗಳ ಕಡತ ತೆರೆದರು. ಕೊನೆಯ ಪುಟಕ್ಕೆ ಹೋದರು. ನೋಟ್‌ಬುಕ್ಕಿನ ಸಾಲಿನ ಮೇಲೆ ಬೆರಳಿಟ್ಟು ಪರದೆ ನೋಡಿದರು. ಸುಮ್ಮನಾದರು.

"ಬುಧವಾರ ಎರಡು ಸಾಲು ಟೈಪ್ ಮಾಡಿದ್ದೆ ಕಣೋ" ಅಂದರು, ಮೆಲ್ಲಗೆ. "ಕೂತಿದ್ದೆನಲ್ಲ, ಸುಮ್ನೆ ಯಾಕೆ ಅಂತ. ಅದರಿಂದ ಏನಾದ್ರೂ ಆಗಿರತ್ತೇನೋ ಅಂತ ನಿನಗೆ ಹೇಳಲಿಲ್ಲ."

ಎರಡು ಸಾಲಲ್ಲಿ ಮೂರು ಕಡೆ ಒತ್ತಕ್ಷರ ತಪ್ಪಿತ್ತು. ಕಲಸಿದ ಪರದೆಯಲ್ಲಿ ಕಂಡಿರಲಿಲ್ಲ. ನಾನು ಏನೂ ಮಾತಾಡಲಿಲ್ಲ, ಆಗಲಿಲ್ಲ. ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ. ಅವರು ನೋಟ್‌ಬುಕ್ ನನ್ನ ಕೈಗೆ ಕೊಟ್ಟು, "ಓದು, ನಾನು ತಿದ್ದುತೀನಿ" ಅಂದರು.