ಕಾಲ ಬಳಿ ಕೂತ ಆನಂದ

ಅಜಂತಾದ 26ನೇ ಗುಹೆ ತಲುಪುವಷ್ಟರಲ್ಲಿ ಅಮ್ಮನ ಮಂಡಿ ಕೈಕೊಟ್ಟಿತ್ತು. ಡೋಲಿಯವರು ಕೆಳಗಿನಿಂದಲೇ ಬೆನ್ನು ಬಿದ್ದಿದ್ದರು. "ನಾಲ್ಕು ಜನ ಹೊರೋ ಕಾಲ ನನಗಿನ್ನೂ ಬಂದಿಲ್ಲ" ಅಂತ ಅವಳು ಹತ್ತಿಯೇ ಬಂದಳು.

ಒಳಗೆ ಎಡಗೋಡೆಯಲ್ಲಿ ಬುದ್ಧ ಮಲಗಿದ್ದಾನೆ. ಮಹಾಪರಿನಿರ್ವಾಣ, ಅಂದರೆ ಅವನ ಕೊನೆಯ ಗಳಿಗೆ. ಸುಮಾರು 7 ಮೀಟರ್ ಉದ್ದ. ಮೇಲೆ ದೇವತೆಗಳು, ಕೆಳಗೆ ಮಂಚದುದ್ದಕ್ಕೂ ದುಃಖಿಸುವವರ ಸಾಲು. ಜನರೆಲ್ಲ ಮುಖದ ಹತ್ತಿರ ಫೋಟೊಗೆ ಮುಗಿಬಿದ್ದಿದ್ದರು. ಅಮ್ಮ ಸುಮ್ನೆ ಕಾಲ ಕಡೆಗೆ ನಡೆದಳು.

"ಇವನ್ಯಾರೋ? ಕೆನ್ನೆಗೆ ಕೈ ಕೊಟ್ಟು ಕೂತಿದಾನೆ."

ಹಾಗೆ ಕೂತರೆ ಮನೆಗೆ ದರಿದ್ರ ಅಂತ ನನ್ನ ಕೈಗೆ ಎಷ್ಟು ಸಲ ಹೊಡೆದಿದ್ದಾಳೋ!

ಅವನು ಆನಂದ. ಬುದ್ಧನ ಚಿಕ್ಕಪ್ಪನ ಮಗ. 25 ವರ್ಷ ಜೊತೆಗಿದ್ದು ನೀರು ಕೊಟ್ಟವನು, ಬಂದವರನ್ನು ವಿಚಾರಿಸಿಕೊಂಡವನು, ಗುರುವಿನ ಮಾತನ್ನೆಲ್ಲ ಬಾಯಿಪಾಠ ಇಟ್ಟುಕೊಂಡವನು. ಆದರೂ ಬುದ್ಧ ತೀರಿಕೊಂಡ ಕುಶಿನಾರದಲ್ಲಿ ಆ ದಿನ ಅವನಿನ್ನೂ ಅರಹಂತನಾಗಿರಲಿಲ್ಲ, ಅಂದರೆ ಪೂರ್ತಿ ಅರಿವು ಪಡೆದು ಬಿಡುಗಡೆಯಾಗಿರಲಿಲ್ಲ. ಬಾಗಿಲಿಗೆ ಒರಗಿ ಅತ್ತನಂತೆ. ಸಾಯುತ್ತಿದ್ದ ಬುದ್ಧನೇ ಅವನನ್ನು ಕರೆಸಿ ಸಮಾಧಾನ ಮಾಡಬೇಕಾಯಿತು. ಮುಂದೆ ಬುದ್ಧನ ಮಾತುಗಳನ್ನು ಒಟ್ಟುಗೂಡಿಸಲು ಭಿಕ್ಷುಗಳು ರಾಜಗೃಹದಲ್ಲಿ ಸೇರಿದ ಸಭೆಯ, ಅಂದರೆ ಸಂಗೀತಿಯ, ಹಿಂದಿನ ರಾತ್ರಿ, ತಲೆ ದಿಂಬಿಗೆ ತಾಗುವ ಮೊದಲೇ ಅವನಿಗೂ ಅರಿವಾಯಿತು ಅನ್ನುತ್ತಾರೆ. ಇಲ್ಲಿನ ಶಿಲ್ಪಿಗೆ ಆ ಆನಂದ ಬೇಕಿರಲಿಲ್ಲ. ನನಗೂ ಇವನೇ ಇಷ್ಟ.

ಈ ಗುಹೆ ಮಾಡಿಸಿದ್ದು ಬುದ್ಧಭದ್ರ ಅನ್ನೋ ಭಿಕ್ಷು. 5ನೇ ಶತಮಾನದ ಕೊನೆಯ ಮಾತು. ತೀರಿಹೋದ ಗೆಳೆಯ, ಅಶ್ಮಕ ದೇಶದ ರಾಜನ ಮಂತ್ರಿ ಭವ್ವಿರಾಜನ ನೆನಪಿಗೆ ಅಂತ ಇಲ್ಲಿನ ಶಾಸನದಲ್ಲಿದೆ. ಭಿಕ್ಷುವಾದರೂ ಗೆಳೆಯನನ್ನು ಮರೆಯೋಕಾಗಲಿಲ್ಲ, ಅಲ್ವಾ? ಕಾಲ ಬಳಿ ಆನಂದನನ್ನು ಕೂರಿಸಿದ್ದು ಬುದ್ಧಭದ್ರನೇ ಇರಬೇಕು ಅಂತ ನನ್ನ ಊಹೆ.

ಅಮ್ಮನಿಗೆ ಇದೆಲ್ಲ ಹೇಳಿದೆ. ಅವಳ ಕಣ್ಣು ಬೇರೆ ಕಡೆ ಇತ್ತು. ಮಂಚದ ಮುಂದೆ ಮೂರು ಕೋಲು ಕಟ್ಟಿ, ಒಂದು ನೀರಿನ ಪಾತ್ರೆ ಇಳಿಬಿಟ್ಟಿದ್ದಾರೆ.

"ನಿಮ್ಮ ತಾತನ ತಲೆದೆಸೆಗೂ ಒಂದು ಚೊಂಬು ಇರ್ತಿತ್ತು. ಕೊನೆಗೆ ನೀರೂ ಇಳೀಲಿಲ್ಲ. ಆಮೇಲೆ ಎರಡು ದಿನ ಅದನ್ನ ತೆಗೆಯೋಕೆ ಯಾರಿಗೂ ಕೈ ಬರಲಿಲ್ಲ."

ಅಷ್ಟರಲ್ಲಿ ಕಾವಲಿನವನು ಸೀಟಿ ಊದಿದ. ಅವಸರದಲ್ಲಿ ಒಂದೇ ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಬುದ್ಧ ಚೆನ್ನಾಗಿ ಬಂದಿದ್ದಾನೆ. ಕಾಲ ಹತ್ತಿರ ಚಿತ್ರ ಕತ್ತರಿಸಿಹೋಗಿ, ಆನಂದನ ಮೊಣಕೈ ಮಾತ್ರ ಸಿಕ್ಕಿದೆ.