ಮರೆವು ಬಾರದಿರಲಿ ಎಂದು ಬಿಪಿ ಮಾತ್ರೆ
ತೀರ್ಥಹಳ್ಳಿ, 9 ಡಿಸೆಂಬರ್ 2025

ಅಡಿಕೆ ಕೊಯ್ಲಿನ ಕಾಲ. ಬಿಪಿ ಮಾತ್ರೆ ತಪ್ಪುವುದೂ ಈಗಲೇ ಹೆಚ್ಚು. "ತಲೆಸುತ್ತಿಲ್ಲ, ತಲೆನೋವಿಲ್ಲ, ಮಾತ್ರೆ ಯಾಕೆ?" ಎಂಬ ಮಾತು ಇವತ್ತೂ ಬಂತು. ಹಾರ್ಟು, ಲಕ್ವ ಎಂದರೆ ಸುಮ್ಮನೆ ತಲೆಯಾಡಿಸುವವರು ಮರೆವಿನ ವಿಷಯ ಎತ್ತಿದರೆ ಮುಂದೆ ಬಾಗಿ ಕೇಳುತ್ತಾರೆ. ಮಕ್ಕಳ ಗುರುತೇ ಸಿಗದಂತಾಗುವ ಭಯ ಅಷ್ಟಿದೆ. ಕೆಲವರದು ಮಾತ್ರ, "ಅರವತ್ತಕ್ಕೆ ಅರಳು ಮರಳು, ಅದಕ್ಕೆ ಮಾತ್ರೆ ಏನು ಮಾಡೀತು?"

ಮಾಡುತ್ತದೆ, ಆದರೆ ಎಷ್ಟು ಎಂಬುದನ್ನು ಬಣ್ಣ ಹಚ್ಚದೆ ಹೇಳಬೇಕು. ವರ್ಷಗಟ್ಟಲೆ ರಕ್ತದ ಒತ್ತಡ, ಅಂದರೆ ಬಿಪಿ, ಹೆಚ್ಚಿದ್ದರೆ ಮಿದುಳಿನ ಒಳಭಾಗದ ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗಿ, ಸದ್ದಿಲ್ಲದೆ ಅಲ್ಲಲ್ಲಿ ರಕ್ತದ ಹರಿವು ನಿಲ್ಲುತ್ತದೆ. ಅಮೆರಿಕದ ಸ್ಪ್ರಿಂಟ್ ಅಧ್ಯಯನದಲ್ಲಿ 9,361 ಜನರಿದ್ದರು. ಬಿಪಿಯ ಎರಡು ಅಂಕಿಗಳಲ್ಲಿ ಮೇಲಿನದನ್ನು 140ರ ಬದಲು 120ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟವರಲ್ಲಿ ಮರೆವಿನ ಮೊದಲ ಹಂತ ಕಡಿಮೆ ಕಂಡಿತು. ಪೂರ್ತಿ ಡಿಮೆನ್ಷಿಯಾ, ಅಂದರೆ ದಿನದ ಬದುಕಿಗೇ ಅಡ್ಡಿಯಾಗುವ ಮರೆವಿನ ಕಾಯಿಲೆ, ಇಳಿದದ್ದು ಖಚಿತವಾಗಲಿಲ್ಲ. 2025ರಲ್ಲಿ ಬಂದ ಚೀನಾದ ಹಳ್ಳಿಗಳ ಫಲಿತಾಂಶ ಇನ್ನೂ ಗಟ್ಟಿ: ಸುಮಾರು 34,000 ಜನ, ಮಾತ್ರೆ ಕೊಟ್ಟು ಬೆನ್ನುಹತ್ತಿದವರು ಹಳ್ಳಿ ವೈದ್ಯರು, ನಾಲ್ಕು ವರ್ಷಕ್ಕೆ ಡಿಮೆನ್ಷಿಯಾ ಶೇ. 15 ಕಡಿಮೆ. ನಮ್ಮ ಆರೋಗ್ಯ ಉಪಕೇಂದ್ರಗಳಿಗೆ ಹೊಂದುವ ಕೆಲಸ ಅದು. ಈಗಾಗಲೇ ಹೋದ ನೆನಪನ್ನು ಮಾತ್ರ ಈ ಮಾತ್ರೆ ತಂದುಕೊಡುವುದಿಲ್ಲ.

ಮಾತ್ರೆ ಬಿಡುವವರಲ್ಲಿ ಹಲವರಿಗೆ ಕಾರಣವೂ ಇರುತ್ತದೆ. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ತಗೊಂಡರೆ ಕೆಲವರಿಗೆ ಸಂಜೆ ಹೊತ್ತಿಗೆ ಕಾಲಿನ ಗಂಟು ಊದಿ, ಚಪ್ಪಲಿಯ ಪಟ್ಟಿಯ ಗುರುತು ಬೀಳುತ್ತದೆ. "ಕಿಡ್ನಿ ಹೋಯ್ತು" ಎಂದು ಹೆದರಿ ತಾವೇ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಅದು ರಕ್ತನಾಳ ಹಿಗ್ಗಿ ನೀರು ಜಿನುಗಿದ್ದು. ಡೋಸ್ ಇಳಿಸಿಯೋ ಟೆಲ್ಮಿಸಾರ್ಟನ್ ಎಂಬ ಬೇರೆ ಬಿಪಿ ಮಾತ್ರೆಯ ಕಡೆಗೆ ಬದಲಿಸಿಯೋ ಡಾಕ್ಟರು ಸರಿಮಾಡಬಲ್ಲರು. ಎದ್ದಾಗ ಕಣ್ಣು ಕತ್ತಲೆ ಬಂದರೆ ಕೂತು ಒಮ್ಮೆ, ನಿಂತು 1 ಮತ್ತು 3 ನಿಮಿಷಕ್ಕೆ ಒಮ್ಮೊಮ್ಮೆ ಬಿಪಿ ನೋಡಿಸಬೇಕು. ಮೇಲಿನ ಅಂಕಿ 20ರಷ್ಟು ಇಳಿದರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು, ವಯಸ್ಸಾದವರು ಬಿದ್ದರೆ ಸೊಂಟದ ಮೂಳೆಗೇ ಕುತ್ತು.

ಅಳೆಯುವುದರಲ್ಲೂ ಎಡವಟ್ಟಾಗುತ್ತದೆ. ಬಸ್ಸಿಳಿದು ಬಂದ ಕೂಡಲೇ, ಸ್ವೆಟರ್ ಮೇಲೆಯೇ ಪಟ್ಟಿ ಸುತ್ತಿದರೆ ಆ ಅಂಕಿ ನಂಬುವಂತಿಲ್ಲ. ಐದು ನಿಮಿಷ ಬೆನ್ನು ಆನಿಸಿ ಕೂರಲಿ, ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ, ತೋಳು ಎದೆಯ ಮಟ್ಟಕ್ಕಿರಲಿ, ಮಾತು ಬೇಡ. ಎರಡು ಸಲ ಅಳೆಯಿರಿ.

ಬೆಳಗಿನ ಮಾತ್ರೆ ಮರೆತಿದ್ದರೆ ಅದೇ ದಿನ ನೆನಪಾದಾಗ ತಗೊಳ್ಳಿ. ಮರುದಿನ ಎರಡು ಬೇಡ. ಕೊಯ್ಲಿನ ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ನುಂಗುವುದು ಅದಕ್ಕಿಂತ ಕೆಟ್ಟದ್ದು: ಒತ್ತಡ ಏರುತ್ತದೆ, ಬಿಪಿ ಮಾತ್ರೆಯ ಬಲ ಕುಗ್ಗುತ್ತದೆ, ಕಿಡ್ನಿಗೂ ಪೆಟ್ಟು. ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೇಳುವಾಗ "ನನಗೆ ಬಿಪಿ ಇದೆ" ಎಂದು ಮೊದಲೇ ಹೇಳಿ.